ಲಿಫ್ಟಿನ ಕನ್ನಡಿ

"ಬಂದ್ರು, ಬಂದ್ರು! ಬೇಗ ಬಾರೋ!"

ಚಿನಕುರುಳಿ ಕೂಗಿದ್ದೇ ತಡ, ತಮ್ಮ ಊಟದ ತಟ್ಟೆ ಬಿಟ್ಟು ಓಡಿಬಂದ. ಇಬ್ಬರೂ ಅಮ್ಮನ ಹಳೇ ಫೋನಿಗೆ ಮುಖ ತೂರಿಸಿ ಕೂತರು. ಅವಳ ಬಾಯಿಗೆ ಬೀಗ ಇಲ್ಲದ್ದರಿಂದ ಎಲ್ಲರೂ ಅವಳನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು.

ಫೋನಿನಲ್ಲಿ ಕಾಣುತ್ತಿದ್ದದ್ದು ಸಿನಿಮಾ ಅಲ್ಲ, ಅವರದೇ ಕಟ್ಟಡದ ಲಿಫ್ಟು. ಕೆಳಗೆ ನಿಲ್ಲಿಸಿದ್ದ ಸೈಕಲ್ ಕಳುವಾದ ಮೇಲೆ ಲಿಫ್ಟಿಗೊಂದು ಕ್ಯಾಮೆರಾ ಹಾಕಿಸಿ, ಎಲ್ಲ ಮನೆಯವರಿಗೂ ಅದರ ಆ್ಯಪ್ ಕೊಟ್ಟಿದ್ದರು. ದೊಡ್ಡವರು ಒಂದು ವಾರ ನೋಡಿ ಮರೆತರು. ಮಕ್ಕಳು ಮರೆಯುತ್ತಾರೆಯೇ?

ಲಿಫ್ಟಿನೊಳಗೆ ಬಂದವರು ಮೇಲಿನ ಮಹಡಿಯ ಅಂಕಲ್. ಕಟ್ಟಡಕ್ಕೆಲ್ಲ ದೊಡ್ಡ ಕಾರು ಅವರದ್ದು. ಯಾರು ಗುಡ್ ಮಾರ್ನಿಂಗ್ ಅಂದರೂ ತಲೆ ಆಡಿಸಿ ಹೋಗಿಬಿಡುತ್ತಿದ್ದರು. "ದುಡ್ಡಿನ ಗತ್ತು" ಎಂದು ಕೆಳಗಿನ ಮನೆಯವರು ಮಾತಾಡಿಕೊಳ್ಳುತ್ತಿದ್ದರು. ಮಕ್ಕಳು ಅದಕ್ಕೇ 'ಗತ್ತಿನ ಅಂಕಲ್' ಎಂದು ಹೆಸರಿಟ್ಟಿದ್ದರು.

ಬಾಗಿಲು ಮುಚ್ಚಿತು. ಅಂಕಲ್ ಕನ್ನಡಿಯ ಹತ್ತಿರ ಹೋಗಿ ಬಾಯಿ ಅಗಲಿಸಿದರು. ಕೆನ್ನೆ ಉಬ್ಬಿಸಿದರು. ತುಟಿಯನ್ನು ಆ ಕಡೆ ಎಳೆದರು, ಈ ಕಡೆ ಎಳೆದರು.

"ಅಯ್ಯೋ, ಕೋತಿ ಥರ ಮಾಡ್ತಾರಲ್ಲೇ ಅಕ್ಕಾ!" ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಚಿನಕುರುಳಿ ಅದನ್ನು ರೆಕಾರ್ಡ್ ಮಾಡಿದಳು. ಕೆಳಗೆ 'ಗತ್ತಿನ ಅಂಕಲ್ ಸರ್ಕಸ್' ಎಂದು ಬರೆದು ಕಟ್ಟಡದ ಮಕ್ಕಳ ಗ್ರೂಪಿಗೆ ಕಳಿಸಿದಳು. ನಗುವ ಮುಖಗಳು ಒಂದರ ಹಿಂದೆ ಒಂದು ಬಂದವು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆ ಗ್ರೂಪಿನಲ್ಲಿ ಅಂಕಲ್ ಮಗಳೂ ಇದ್ದಾಳೆ ಎನ್ನುವುದೇ ನೆನಪಾಗಲಿಲ್ಲ.

ಮರುದಿನ ಕ್ಲಾಸಿನಲ್ಲಿ ಉದ್ದಜಡೆ ಅವಳ ಪಕ್ಕ ಕೂರಲಿಲ್ಲ. ಉದ್ದಜಡೆ ಎಂದರೆ ಅಂಕಲ್ ಮಗಳೇ. ಹೊಸದಾಗಿ ಬಂದವಳಾದರೂ ದಿನಾ ಒಂದೇ ಬೆಂಚು, ಒಂದೇ ಡಬ್ಬಿ. ಇವತ್ತು ಕೊನೇ ಬೆಂಚಿಗೆ ಹೋಗಿ ತಲೆ ತಗ್ಗಿಸಿ ಕೂತಳು. ಹುಡುಗರು ಅವಳ ಮುಂದೆ ಹೋಗಿ ಕೆನ್ನೆ ಉಬ್ಬಿಸಿ ತೋರಿಸಿದರು.

ಬೆಲ್ ಆದ ಮೇಲೆ ಚಿನಕುರುಳಿ ಅವಳ ಹಿಂದೆಯೇ ಓಡಿದಳು. "ಏಯ್, ಸುಮ್ನೆ ತಮಾಷೆಗೆ ಕಣೇ. ನಿಮಗೇನು ಕಡಿಮೆ? ಅಷ್ಟು ದೊಡ್ಡ ಕಾರಿದೆ..."

"ಕಾರಿದ್ರೆ?" ಉದ್ದಜಡೆ ತಿರುಗಿ ನಿಂತಳು. ಕಣ್ಣು ಕೆಂಪಾಗಿತ್ತು. "ಅಪ್ಪಂಗೆ ಲಕ್ವ ಹೊಡೆದು ಒಂದು ಕಾಲು, ಅರ್ಧ ಬಾಯಿ ಸರಿಯಾಗಿ ಆಡಲ್ಲ. ಮಾತು ಸರಿಯಾಗಿ ಬರಲ್ಲ. ಕನ್ನಡಿ ಮುಂದೆ ಹಾಗೆ ಮಾಡ್ತಾ ಇರಿ ಅಂತ ಡಾಕ್ಟರ್ ಹೇಳಿದಾರೆ. ಮನೇಲಿ ಮಾಡಿದ್ರೆ ಅಜ್ಜಿ ನೋಡಿ ಅಳ್ತಾರೆ. ಅದಕ್ಕೇ ಲಿಫ್ಟಲ್ಲಿ ಮಾಡ್ತಿದ್ರು."

ಚಿನಕುರುಳಿ ಅವಳ ಕೈ ಹಿಡಿಯಹೋದಳು. ಉದ್ದಜಡೆ ಕೈ ಎಳೆದುಕೊಂಡಳು.

"ನಾನು ಅಳ್ತಿದ್ದಾಗ ಅಪ್ಪ ನನ್ನ ಫೋನ್ ನೋಡಿಬಿಟ್ರು," ಎಂದು ಹೇಳಿ ಹೊರಟುಹೋದಳು.

ಸಂಜೆ ಚಿನಕುರುಳಿ ಮನೆಗೆ ಬರುವಾಗ ಅಂಕಲ್ ಮೆಟ್ಟಿಲು ಹತ್ತುತ್ತಿದ್ದರು. ಒಂದು ಕಾಲು ಎತ್ತಿ ಇಡುವುದು, ಇನ್ನೊಂದನ್ನು ಎಳೆದುಕೊಳ್ಳುವುದು, ಕಂಬಿ ಹಿಡಿದು ನಿಲ್ಲುವುದು. ಪಕ್ಕದಲ್ಲೇ ಲಿಫ್ಟು ಖಾಲಿ ನಿಂತಿತ್ತು. ಚಿನಕುರುಳಿ ಕೆಳಗಿನ ಕಂಬದ ಹಿಂದೆ ಸರಿದಳು. ಅವರು ಕಾಣದಾಗುವವರೆಗೂ ಅಲ್ಲೇ ನಿಂತಳು.

ಮನೆಗೆ ಬಂದವಳೇ ಗ್ರೂಪಿನಿಂದ ವಿಡಿಯೋ ತೆಗೆದುಹಾಕಿದಳು. ತೆಗೆದರೇನು ಬಂತು, ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು. ಲಿಫ್ಟಿನ ಆ್ಯಪನ್ನೂ ತೆಗೆದುಬಿಡೋಣ ಎಂದು ಬೆರಳಿಟ್ಟಳು. ಅದು ತೆರೆದುಕೊಂಡಿತು.

ಲಿಫ್ಟಿನೊಳಗೆ ಅಮ್ಮ ಇದ್ದಳು.

ಅಮ್ಮ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ನಿಂತೇ ಇರಬೇಕು. ಆದರೂ ದಿನಾ ನಗುನಗುತ್ತಲೇ ಮನೆಗೆ ಬರುತ್ತಿದ್ದಳು. ಈಗ ನೋಡಿದರೆ ಚಪ್ಪಲಿ ಬಿಟ್ಟು, ಹಣೆಯನ್ನು ಗೋಡೆಗೆ ಒತ್ತಿ ನಿಂತಿದ್ದಳು. ಭುಜ ನಡುಗುತ್ತಿತ್ತು. ಆಮೇಲೆ ಕಣ್ಣು ಒರೆಸಿಕೊಂಡಳು, ಚಪ್ಪಲಿ ಮೆಟ್ಟಿದಳು. ಕನ್ನಡಿ ನೋಡಿ ಒಮ್ಮೆ ನಕ್ಕಳು. ಅದು ಸರಿಬರಲಿಲ್ಲವೇನೋ, ಇನ್ನೊಮ್ಮೆ ನಕ್ಕಳು.

ಚಿನಕುರುಳಿ ಫೋನನ್ನು ಬೋರಲು ಹಾಕಿದಳು.

ಬಾಗಿಲು ತೆರೆಯಿತು. "ಏನೇ ಚಿನಕುರುಳಿ, ಇವತ್ತು ಮನೇಲಿ ಸದ್ದೇ ಇಲ್ಲ! ಯಾರಾದ್ರೂ ನಾಲಿಗೆ ಕದ್ಕೊಂಡು ಹೋದ್ರಾ?" ಅಮ್ಮ ನಗುತ್ತಿದ್ದಳು. ಅದೇ ನಗು.

ಚಿನಕುರುಳಿ ಎದ್ದು ಅಮ್ಮನ ಚೀಲ ಇಸಿದುಕೊಂಡಳು. ನೋಡಿದ್ದನ್ನು ಹೇಳಲಿಲ್ಲ.

"ಅಮ್ಮ, ಮೇಲಿನ ಮನೆಗೆ ಹೋಗಿಬರ್ತೀನಿ. ನಾನೊಂದು ತಪ್ಪು ಮಾಡಿದೀನಿ. ಬಂದು ಹೇಳ್ತೀನಿ."

"ಫೋನ್ ತಗೊಂಡು ಹೋಗು."

"ಬೇಡಮ್ಮ."

ಬಾಗಿಲು ತೆಗೆದವರು ಅಂಕಲ್ಲೇ. ಅವರ ಕಣ್ಣು ಮೊದಲು ಹೋದದ್ದು ಅವಳ ಕೈಗಳ ಕಡೆಗೆ.

ಚಿನಕುರುಳಿಗೆ ಅದು ಯಾಕೆಂದು ತಕ್ಷಣ ತಿಳಿಯಿತು. ಎರಡೂ ಅಂಗೈ ಬಿಡಿಸಿ ತೋರಿಸಿದಳು. "ಫೋನ್ ತಂದಿಲ್ಲ ಅಂಕಲ್. ವಿಡಿಯೋ ಮಾಡಿದ್ದು ನಾನೇ. ತಪ್ಪಾಯ್ತು."

ಅಂಕಲ್ ಬಾಯಿ ತೆರೆದರು. ತುಟಿ ಒಂದು ಕಡೆಗೆ ಎಳೆಯಿತು, ಮಾತು ಬರಲಿಲ್ಲ. ಒಳಗಿನಿಂದ ಬಂದ ಉದ್ದಜಡೆ, "ಅಪ್ಪ ಕೇಳ್ತಿರೋದು..." ಎಂದಳು. ಅವರು ಬೇಡವೆಂದು ಕೈ ಎತ್ತಿದರು. ಚಿನಕುರುಳಿ ಕಾದು ನಿಂತಳು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಅವಳು ಯಾವತ್ತೂ ನಿಂತಿರಲಿಲ್ಲ.

"ಎ...ಲ್ಲಾ...ರೂ... ನೋ...ಡಿದ್ರಾ?"

ಇಲ್ಲ ಎನ್ನಬೇಕೆಂದು ಎಷ್ಟೋ ಆಸೆಯಾಯಿತು.

"ಹೂಂ, ಅಂಕಲ್. ನೋಡಿದ್ರು."

ಅವರು ತಲೆ ಆಡಿಸಿದರು. ದಿನಾ ಎಲ್ಲರಿಗೂ ಆಡಿಸುತ್ತಿದ್ದ ಹಾಗೆಯೇ. ಅದು ಗತ್ತಾಗಿರಲೇ ಇಲ್ಲ. ಬಾಗಿಲು ಮೆಲ್ಲಗೆ ಮುಚ್ಚಿತು.

ಚಿನಕುರುಳಿ ಕಂಬಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ಲಿಫ್ಟು ಮೇಲೆ ಬರುವ ಸದ್ದಾಯಿತು. ಅದರ ಬಾಗಿಲಿಗಿದ್ದ ಚಿಕ್ಕ ಗಾಜಿನಲ್ಲಿ ಬೆಳಕು ಕಂಡಿತು. ಒಳಗೆ ಯಾರೋ ಒಬ್ಬರೇ ಇದ್ದರು.

ಅವಳು ಮುಖ ತಿರುಗಿಸಿ, ಲಿಫ್ಟು ದಾಟಿಹೋಗುವವರೆಗೂ ಗೋಡೆ ನೋಡುತ್ತಾ ನಿಂತಳು.