ಮಡಿಕೆಯೊಳಗೆ ಏನೋ ಇದೆ

“ನಿಮ್ಮ ಬ್ಯಾಗನ್ನು ನೀವೇ ಪ್ಯಾಕ್ ಮಾಡಿದ್ರಾ?”

“ಹೌದು, ನಾನೇ ಮಾಡಿದ್ದು.”

“ಬೇರೆ ಯಾರಾದ್ರೂ ಏನಾದ್ರೂ ಕೊಟ್ಟಿದ್ದಾರಾ?”

“ಇಲ್ಲ. ಯಾರೂ ಏನೂ ಕೊಟ್ಟಿಲ್ಲ.”

“ಸುಳ್ಳು,” ಎಂದಳು ಡೌಟಮ್ಮ.

ಅಷ್ಟು ಹೊತ್ತು ಮೂಗಿನಲ್ಲಿ ಮಾತಾಡುತ್ತಿದ್ದ ಏರ್‌ಪೋರ್ಟ್ ಆಫೀಸರ್ ಮಾಯವಾಗಿ, ಐದನೇ ಕ್ಲಾಸಿನ ಹುಡುಗಿಯ ಸ್ವಂತ ದನಿ ಹೊರಬಂದಿತ್ತು. ಮೈಕಿನಂತೆ ಹಿಡಿದಿದ್ದ ಬಾಚಣಿಗೆ ಕೆಳಗಿಳಿಯಿತು.

ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಹಾಲು ಕೊಟ್ಟರೆ “ಇದು ಇವತ್ತಿನದಾ?” ಎಂದು ಮೂಸುವವಳನ್ನು, ನಾಳೆ ರಜಾ ಎಂದರೂ “ಯಾರು ಹೇಳಿದ್ದು?” ಎಂದು ಕೇಳುವವಳನ್ನು ಮನೆಯವರು ಬೇರೆ ಏನೆಂದು ಕರೆಯಬೇಕು?

ಅಕ್ಕ ಇವತ್ತು ಓದಲು ಹೊರದೇಶಕ್ಕೆ ಹೊರಟಿದ್ದಳು. ಹನ್ನೆರಡಕ್ಕೆ ಟ್ಯಾಕ್ಸಿ, ನಾಲ್ಕಕ್ಕೆ ವಿಮಾನ. ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳಿಗೆ ತಂಗಿಯ ಮುಂದೆ ರಿಹರ್ಸಲ್ ನಡೆದಿತ್ತು. ಮಂಚದ ಮೇಲೆ ಒಂದು ಪೊಟ್ಟಣ ಕೂತಿತ್ತು. ಪುಟ್ಟ ದಿಂಬಿನಂತೆ, ನಾಲ್ಕೂ ಕಡೆ ಬಟ್ಟೆ ಸುತ್ತಿ ಬಿಳಿ ದಾರದಲ್ಲಿ ಹೊಲಿದದ್ದು.

“ಇದು ಯಾರು ಕೊಟ್ಟಿದ್ದು ಮತ್ತೆ?”

“ಟೈಲರ್ ಮಾಮ ಕಣೇ. ಅವರ ಮಗ ನಾನು ಹೋಗೋ ಊರಲ್ಲೇ ಓದ್ತಿದ್ದಾನಲ್ಲ, ಅವನಿಗೆ.”

“ಒಳಗೆ ಏನಿದೆ?”

“ಬಟ್ಟೆ ಅಂದ್ರು.”

“ನೀನು ಕಣ್ಣಾರೆ ನೋಡಿದ್ಯಾ?”

“ಕೆಳಗಿನ ಮನೆ ಮಾಮ. ನಿನ್ನ ಯೂನಿಫಾರ್ಮ್ ಹೊಲಿಯೋರು. ಅವರ ಮೇಲೂ ಡೌಟಾ ನಿಂಗೆ?” ಅಕ್ಕ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದಳು.

ಡೌಟಮ್ಮನಿಗೆ ಕಾರಣವಿಲ್ಲದೆ ಡೌಟು ಬರುತ್ತಿರಲಿಲ್ಲ. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಟೈಲರ್ ಮಾಮ ಅಕ್ಕನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿದ್ದನ್ನು ಅವಳು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದಳು. “ಅಲ್ಲಿ ಬಿಚ್ಚಿ ನೋಡ್ತಾರೇನಮ್ಮ?” ಎಂದಿದ್ದರು ಮಾಮ. ಆಮೇಲೆ ಇನ್ನೂ ಮೆಲ್ಲಗೆ, “ಇದು ಬರ್ತಿದೆ ಅಂತ ಅವನಿಗೆ ಮೊದಲೇ ಹೇಳ್ಬೇಡ.”

ಬರೀ ಬಟ್ಟೆಗೆ ಇಷ್ಟೊಂದು ಗುಟ್ಟು ಯಾಕೆ?

ಅವಳು ಪೊಟ್ಟಣವನ್ನು ಒತ್ತಿ ನೋಡಿದಳು. ಮೆತ್ತಗಿತ್ತು. ಇನ್ನೊಂದು ಕಡೆಯೂ ಮೆತ್ತಗೆ. ಮೂರನೇ ಕಡೆ ಬೆರಳಿಗೆ ಏನೋ ದಪ್ಪಗೆ ಸಿಕ್ಕಿತು. ಉದ್ದಕ್ಕೆ, ಪಟ್ಟಿಯ ಹಾಗೆ. ಅವಳ ಕಣ್ಣ ಮುಂದೆ ಏರ್‌ಪೋರ್ಟ್ ಬಂತು. ಕೌಂಟರಿನಲ್ಲಿ ಅಕ್ಕನನ್ನು “ಈ ಕಡೆ ಬನ್ನಿ” ಎಂದು ಒಂದು ರೂಮಿಗೆ ಕರೆದುಕೊಂಡು ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಹೊರಗೆ ವಿಮಾನ ತನ್ನ ಪಾಡಿಗೆ ತಾನು ಹಾರಿಹೋಗುತ್ತದೆ. ಎರಡು ವರ್ಷ ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದೆಲ್ಲ ಅಷ್ಟೇ.

ಅವಳು ಹಾಲಿಗೆ ಓಡಿದಳು. ಅಮ್ಮ ಜಿಪ್ ಹಾಕಲು ಸೂಟ್‌ಕೇಸಿನ ಮೇಲೆ ಕೂತಿದ್ದಳು.

“ಅಮ್ಮ, ಆ ಪೊಟ್ಟಣದೊಳಗೆ ಏನೋ ಇದೆ.”

“ನಿನ್ನ ತಲೆಯೊಳಗೂ ಏನೋ ಇದೆ. ಬಾ, ಇಲ್ಲಿ ಕೂತ್ಕೋ. ನಿನ್ನ ಭಾರನೂ ಬೇಕು.”

ಅಪ್ಪ ಪಾಸ್‌ಪೋರ್ಟ್ ಇದೆಯೇ ಎಂದು ಒಂಬತ್ತನೇ ಸಲ ನೋಡುತ್ತಿದ್ದರು. ಎಂಟು ಸಲ ಇದ್ದದ್ದು ಒಂಬತ್ತನೇ ಸಲ ಕೈಕೊಟ್ಟರೆ?

“ಅಪ್ಪ, ನೀವಾದ್ರೂ ಮಾಮನ್ನ ಕೇಳಿ.”

“ಹೇಗೆ ಕೇಳೋದು ಮರಿ? ದಿನಾ ಮುಖ ನೋಡೋ ಜನ. ‘ಏನು ಬಚ್ಚಿಟ್ಟಿದ್ದೀರಿ’ ಅಂತ ಕೇಳಿದ್ರೆ ಏನಂದ್ಕೋತಾರೆ?”

ಅಂದರೆ ಯಾರೂ ಕೇಳುವುದಿಲ್ಲ. ಮರ್ಯಾದೆಗೆ ಅಂಜಿ ಮನೆಮಂದಿಯೆಲ್ಲ ಬಾಯಿಗೆ ಜಿಪ್ ಹಾಕಿಕೊಂಡಿದ್ದಾರೆ. ಹಾಕಬೇಕಾದ ಸೂಟ್‌ಕೇಸಿನ ಜಿಪ್ಪು ಮಾತ್ರ ಬೀಳುತ್ತಿಲ್ಲ.

ಡೌಟಮ್ಮ ರೂಮಿಗೆ ಮರಳಿ ನೇಲ್ ಕಟರ್ ಹುಡುಕಿದಳು. ಬಿಳಿ ದಾರ ಒಂದೊಂದೇ ಪಟ್ ಪಟ್ ಎಂದು ತುಂಡಾಯಿತು. ಒಳಗೆ ಕಡುನೀಲಿ ಬಣ್ಣದ ಹೊಸ ಪ್ಯಾಂಟು, ಇನ್ನೂ ಇಸ್ತ್ರಿಯ ವಾಸನೆ. ಜೇಬಿಗೆ ಕೈ ಹಾಕಿದಳು. ಖಾಲಿ. ಕಾಲಿನ ತುದಿಯನ್ನು ಹಿಚುಕಿದಳು. ಅಲ್ಲೇ ಇತ್ತು ಆ ದಪ್ಪ. ಎರಡೂ ಕಾಲಿನಲ್ಲಿ. ಸೊಂಟದ ಹಿಂಭಾಗದಲ್ಲೂ.

ಕಳ್ಳ ಜಾಗ ಎಂದರೆ ಇದೇ. ಅವಳು ಒಂದು ಕಾಲಿನ ಹೊಲಿಗೆ ಬಿಚ್ಚಿದಳು. ಮಡಿಕೆ ಜಾರಿ ಬಿತ್ತು. ನಾಲ್ಕು ಬೆರಳಗಲ ಬಟ್ಟೆ. ಕೊಡವಿದಳು. ಏನೂ ಉದುರಲಿಲ್ಲ. ಇನ್ನೊಂದು ಕಾಲನ್ನೂ ಬಿಚ್ಚಿದಳು. ಅಲ್ಲೂ ಬಟ್ಟೆ.

“ಏನಾದ್ರೂ ಸಿಕ್ತಾ ಪುಟ್ಟಾ?”

ಬಾಗಿಲಲ್ಲಿ ಟೈಲರ್ ಮಾಮ ನಿಂತಿದ್ದರು. ಅಕ್ಕನಿಗೆ ಹೋಗಿ ಬಾ ಎನ್ನಲು ಬಂದವರು. ಅವರ ಹಿಂದೆ ಅಮ್ಮ, ಅಮ್ಮನ ಹಿಂದೆ ಅಪ್ಪ.

“ಅಯ್ಯೋ, ಏನೇ ಮಾಡಿದೆ ಇದು?” ಅಮ್ಮನ ಮುಖ ಸಣ್ಣದಾಯಿತು. ಅಪ್ಪ ಗೋಡೆ ನೋಡಿದರು. ಒದ್ದೆ ತಲೆಯ ಅಕ್ಕ ಬಂದು ಸೇರಿಕೊಂಡಳು. ಡೌಟಮ್ಮನ ಕೈಯಲ್ಲಿ ನೇಲ್ ಕಟರ್ ಹಾಗೇ ಇತ್ತು.

ಟೈಲರ್ ಮಾಮ ಬೈಯಲಿಲ್ಲ. ನೆಲದ ಮೇಲೆ ಕೂತು, ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದರು. “ತಪ್ಪು ನಂದೇ. ನಾನೇ ಬಿಚ್ಚಿ ತೋರಿಸಿ ಕೊಡಬೇಕಿತ್ತು. ಹ್ಞೂಂ, ಆ ತುದಿ ಬಿಗಿಯಾಗಿ ಹಿಡ್ಕೋ.”

ಅವಳು ಹಿಡಿದಳು. ನಾಚಿಕೆಯಾಗಿತ್ತು, ಆದರೆ ಡೌಟು ಇನ್ನೂ ಹೋಗಿರಲಿಲ್ಲ.

“ಮಾಮ, ಇಷ್ಟೊಂದು ಬಟ್ಟೆ ಯಾಕೆ ಒಳಗೆ ಮಡಚಿದ್ದೀರಿ?”

“ಎಷ್ಟುದ್ದ ಆಗಿದ್ದಾನೋ ಗೊತ್ತಿಲ್ವಲ್ಲ. ಹೋಗುವಾಗ ನನ್ನ ಕಿವಿ ಮಟ್ಟಕ್ಕೆ ಬರ್ತಿದ್ದ. ಎರಡು ವರ್ಷ ಆಯ್ತು.”

“ದಿನಾ ವಿಡಿಯೋ ಕಾಲಲ್ಲಿ ನೋಡ್ತೀರಲ್ಲ? ನಮಗೂ ಕೇಳಿಸುತ್ತೆ.”

“ನೋಡ್ತೀನಿ. ಮುಖ ನೋಡ್ತೀನಿ. ಮುಖಕ್ಕೆ ಪ್ಯಾಂಟ್ ಹೊಲಿಯೋಕಾಗುತ್ತಾ?”

ಅಕ್ಕ ನಕ್ಕಳು. ಅಪ್ಪನಿಗೂ ಉಸಿರು ಬಂತು.

“ಫೋನ್ ದೂರ ಇಟ್ಟು ಎದ್ದು ನಿಂತ್ಕೊಳೋ, ಒಂದು ಸಲ ನೋಡ್ತೀನಿ ಅಂದ್ರೆ ತಮಾಷೆ ಮಾಡ್ತಾನೆ. ‘ಇಲ್ಲಿ ಎಲ್ಲ ರೆಡಿಮೇಡ್ ಸಿಗುತ್ತಪ್ಪ, ಏನೂ ಕಳಿಸ್ಬೇಡಿ’ ಅಂತಾನೆ.” ಮಾಮ ಮಗನ ದನಿಯನ್ನೇ ಅನುಕರಿಸಿದರು. ಥೇಟ್ ಅವನೇ. “ಅದಕ್ಕೇ ಮೊದಲೇ ಹೇಳ್ಬೇಡ ಅಂದಿದ್ದು. ಬೇಡ ಅಂದ್ಬಿಟ್ರೆ? ಏರ್‌ಪೋರ್ಟಲ್ಲಿ ಬಿಚ್ಚಿದ್ರೆ ಮತ್ತೆ ಹೊಲಿಯೋರು ಯಾರು ಅಂತ ಅದೊಂದು ಚಿಂತೆ ಇತ್ತು. ನೋಡಿದ್ರೆ, ಇಲ್ಲೇ ಬಿಚ್ಚೋರು ಇದ್ರು.”

ಡೌಟಮ್ಮ ತಲೆ ತಗ್ಗಿಸಿ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಸೂಜಿ ಅವಳ ಬೆರಳಿನ ಪಕ್ಕದಲ್ಲೇ ಸರಸರನೆ ಓಡಿತು, ಒಮ್ಮೆಯೂ ತಾಗದೆ.

ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಮಾಮ ಹಲ್ಲಿನಿಂದ ದಾರ ಕಡಿದು, ಪ್ಯಾಂಟನ್ನು ಮಡಚಿ ಅಕ್ಕನಿಗೆ ಕೊಟ್ಟರು. “ಗಿಡ್ಡ ಆದ್ರೆ ಈ ದಾರ ಎಳೀಬೇಕು ಅಂತ ಅವನಿಗೆ ಹೇಳಮ್ಮ. ಆಮೇಲೆ…” ಅವರು ಸೂಜಿಯನ್ನು ಮತ್ತೆ ಕಾಲರಿಗೆ ಚುಚ್ಚಿಕೊಂಡರು. “ಎಷ್ಟು ಬೆರಳು ಉದ್ದ ಬಿಟ್ಕೊಂಡ ಅಂತ ನಂಗೊಂದು ಫೋನ್ ಮಾಡು.”

ಏರ್‌ಪೋರ್ಟಿನ ಬಾಗಿಲಲ್ಲಿ ಗಾರ್ಡ್ ಅಕ್ಕನನ್ನು ಮಾತ್ರ ಒಳಗೆ ಬಿಟ್ಟ. ಉಳಿದ ಮೂವರು ಗಾಜಿನ ಗೋಡೆಗೆ ಮೂಗು ಒತ್ತಿ ನಿಂತರು. ಕೌಂಟರು ದೂರವಿತ್ತು, ಮಾತು ಕೇಳುತ್ತಿರಲಿಲ್ಲ. ಆಫೀಸರಮ್ಮ ಏನೋ ಕೇಳಿದರು. ಅಕ್ಕ ಕೈಚೀಲದಿಂದ ನೀಲಿ ಪ್ಯಾಂಟನ್ನು ತೆಗೆದು ಬಿಡಿಸಿ, ಕಾಲಿನ ಮಡಿಕೆ ತೋರಿಸಿ ಏನೋ ಹೇಳಿದಳು. ಆಫೀಸರಮ್ಮ ಮಡಿಕೆ ಮುಟ್ಟಿ ನೋಡಿದರು. ಮುಗುಳ್ನಕ್ಕರು. ಸೂಟ್‌ಕೇಸು ಬೆಲ್ಟಿನ ಮೇಲೆ ಹೊರಳಿಕೊಂಡು ಹೋಯಿತು.

ಅಕ್ಕ ತಿರುಗಿ ಇವರತ್ತ ಕೈಬೀಸಿ, ಫೋನ್ ಕಿವಿಗೆ ಹಿಡಿದಂತೆ ಸನ್ನೆ ಮಾಡಿದಳು. ಅಪ್ಪನ ಜೇಬಿನಲ್ಲಿ ಫೋನ್ ಹಾಡಿತು. ವಿಡಿಯೋ ಕಾಲ್. ಪರದೆಯ ತುಂಬ ಅಕ್ಕನ ಮುಖ, ನಗುತ್ತಿತ್ತು.

“ಎಲ್ಲ ಆಯ್ತಪ್ಪ. ನಾನು ಆರಾಮಾಗಿದ್ದೀನಿ.”

“ನೋಡು, ಎಷ್ಟು ಧೈರ್ಯವಾಗಿದ್ದಾಳೆ,” ಎಂದಳು ಅಮ್ಮ, ಪರದೆಗೆ ಬಾಗಿ.

ಡೌಟಮ್ಮ ಬಾಗಲಿಲ್ಲ. ಅವಳು ಗಾಜಿನಾಚೆ ನೋಡುತ್ತಿದ್ದಳು. ಅಲ್ಲಿ ಅಕ್ಕ ಒಂಟಿಕಾಲಲ್ಲಿ ನಿಂತು, ಬಲಗಾಲಿನ ಬೂಟಿನಿಂದ ಎಡಗಾಲನ್ನು ಉಜ್ಜುತ್ತಿದ್ದಳು. ಅಳು ಬಂದರೆ ಅಕ್ಕ ಹಾಗೆಯೇ ಮಾಡುವುದು. ಹತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದವಳಿಗೆ ಅದು ಗೊತ್ತು. ಫೋನಿನೊಳಗಿನ ಮುಖ ನಗುತ್ತಲೇ ಇತ್ತು.

“ಇಲ್ಲಿ ನೋಡು ಮರಿ, ಅಕ್ಕ ಇಲ್ಲಿದ್ದಾಳೆ,” ಅಪ್ಪ ಫೋನನ್ನು ಅವಳ ಮುಂದೆ ಹಿಡಿದರು.

“ನೀವು ನೋಡ್ತಿರಿ ಅಪ್ಪ,” ಎಂದು ಅವಳು ಗಾಜಿಗೆ ಇನ್ನಷ್ಟು ಒತ್ತಿಕೊಂಡು, ಆ ಎರಡು ಕಾಲುಗಳು ಜನರ ನಡುವೆ ಮರೆಯಾಗುವವರೆಗೂ ಅಲ್ಲೇ ನಿಂತಳು.