ಕೆಂಪು ಪಟ್ಟಿ ಕಟ್ಟಿದ ದಿಮ್ಮಿ

ಝುಂ... ನಿಂತಿತು. ಮತ್ತೆ ಝುಂ.

ರಾತ್ರಿ ಒಂದು ಗಂಟೆ. ಪ್ರಯೋಗಾಲಯದ ಮೇಜಿನ ಮೇಲೆ ತಲೆಯಿಟ್ಟಿದ್ದವಳು ಬೆಚ್ಚಿ ಎದ್ದಳು. ಸದ್ದು ಬರುತ್ತಿದ್ದುದು ಮೂಲೆಯ ಬಟ್ಟೆಚೀಲದಿಂದ. ಎಂಟು ದಿನದ ಹಿಂದೆ ಅವನು ಬಾಗಿಲ ಬಳಿ ಇಟ್ಟುಹೋದ ಚೀಲ... ಬಿಚ್ಚುವ ಧೈರ್ಯ ಅವಳಿಗಿರಲಿಲ್ಲ.

ಅವನು ಕಾಡಿನ ಕಾವಲುಗಾರ. ಹೂನೊಣಗಳ ಸಂಶೋಧನೆಗೆ ಬಂದ ಅವಳಿಗೆ ಮೊದಲ ದಿನವೇ 'ನೊಣದ ಮೇಡಂ' ಎಂದು ಹೆಸರಿಟ್ಟವನು. ಆಮೇಲೆ ಅವಳಿಗಿಂತ ಮೊದಲೇ ನೊಣ ಗುರುತಿಸಲು ಕಲಿತವನು.

ಆ ಅಪರೂಪದ ಹೂನೊಣ ಮೊಟ್ಟೆಯಿಡುವುದು ಬಿದ್ದು ಕೊಳೆಯುವ ಮರದ ತೊಗಟೆಯಡಿ ಮಾತ್ರ. ಇಡೀ ಕಾಡಿನಲ್ಲಿ ಅಂಥ ದಿಮ್ಮಿ ಉಳಿದಿದ್ದುದು ಒಂದೇ.

ಕಾಡಿನ ನಿಯಮ ಇಷ್ಟೇ: ನೀಲಿ ಪಟ್ಟಿ ಕಟ್ಟಿದ ದಿಮ್ಮಿಯನ್ನು ಯಾರೂ ಮುಟ್ಟಬಾರದು. ಕೆಂಪು ಕಟ್ಟಿದ್ದನ್ನು ಸಾಗಿಸಬೇಕು. ಅಂದು ಸಂಜೆ ಅವಳ ಬಳಿ ನೀಲಿ ಮುಗಿದಿತ್ತು. ಸದ್ಯಕ್ಕೆ ಗುರುತಿಗಿರಲಿ, ಬೆಳಿಗ್ಗೆ ಬದಲಾಯಿಸೋಣ ಎಂದು ಕೆಂಪು ಪಟ್ಟಿಯ ಮೇಲೆ ದಿನಾಂಕ ಬರೆದು ಕಟ್ಟಿದಳು. ಬೆಳಿಗ್ಗೆ ಹೋಗುವಷ್ಟರಲ್ಲಿ ದಿಮ್ಮಿ ಸೌದೆಯಾಗಿತ್ತು.

"ಕಾವಲು ಬಿಟ್ಟು ಎಲ್ಲಿ ಬಿದ್ದಿದ್ದೆ?" ಎಂದು ಅಧಿಕಾರಿ ಕೂಗಾಡಿದಾಗ ಅವನು ತಲೆ ತಗ್ಗಿಸಿದ. ಅವಳೂ ತಗ್ಗಿಸಿದಳು. ಬಾಯಿ ಬಿಡಲಿಲ್ಲ. ಅವನ ಕೆಲಸ ಹೋಯಿತು.

ಈಗ ಚೀಲ ಬಿಚ್ಚಿದಳು. ಸೌದೆರಾಶಿಯಿಂದ ಹೆಕ್ಕಿ ತಂದ ತೊಗಟೆ. ಅದರ ಮೇಲೆ ರೆಕ್ಕೆ ಬಡಿಯುತ್ತ ಒಂದು ಹೂನೊಣ! ಅಡಿಯಲ್ಲಿ... ಮಡಿಸಿಟ್ಟ ಕೆಂಪು ಪಟ್ಟಿ. ಅದರ ಮೇಲೆ ಅವಳದೇ ಕೈಬರಹ.

'ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೈಸಿಕೊಂಡ...'

'ತಪ್ಪು ನನ್ನದು' ಎಂದು ಕಾಗದ ಬರೆದು, ಬೆಳಿಗ್ಗೆ ಅಧಿಕಾರಿಯ ಕೈಗೆ ಕೊಟ್ಟು, ನೇರ ಅವನ ಮನೆಗೆ ಹೋದಳು.

ಬಾಗಿಲು ತೆರೆದ ಅವನ ಅಕ್ಕ ಒಳಗೆ ತಿರುಗಿ, "ಏ, ಊಟ ಬಿಟ್ಟು ಕೂತಿದ್ಯಲ್ಲ, ನಿನ್ನ ನೊಣದ ಮೇಡಂ ಬಂದಿದ್ದಾರೆ, ಎದ್ದು ಬಾ," ಎಂದಳು.

ಅವನು ಹೊರಗೆ ಬಂದ.

"ನಿಜ ಬರೆದುಕೊಟ್ಟೆ. ನಿಮ್ಮ ಕೆಲಸ ವಾಪಸ್ ಕೊಡ್ತಾರಂತೆ. ನನ್ನದು ಹೋಗಬಹುದು."

"ಎಂಟು ದಿನ ತಗೊಂಡ್ರಿ."

"ನೀವ್ಯಾಕೆ ಹೇಳಲಿಲ್ಲ?"

"ನಿಮ್ಮ ಬಾಯಿಂದಲೇ ಬರಲಿ ಅಂತ."

ಅವಳ ಕಣ್ಣು ತುಂಬಿತು. "ತುಂಬಾ ಕೋಪ ಬಂತಾ?"

"ಬಂತು. ಇನ್ನೂ ಇದೆ. ಬೇರೆಯವರ ಮೇಲಾಗಿದ್ರೆ ಊಟ ಬಿಡ್ತಿದ್ನಾ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ನೊಣ ಹೊರಗೆ ಬಂದಿದೆ. ಹಾರಿಬಿಡೋಕೆ ಬರ್ತೀರಾ?"

"ಬರ್ತೀನಿ. ಪಟ್ಟಿ ಎಲ್ಲಿ? ಸಾಕ್ಷಿ ಬಚ್ಚಿಟ್ಟೆ ಅಂತ ಗೊತ್ತಾದ್ರೆ ನನಗೆ ಮತ್ತೆ ಗ್ರಹಚಾರ."

ಅವಳು ಪಟ್ಟಿಯಿದ್ದ ಕೈಚೀಲವನ್ನು ಎದೆಗೊತ್ತಿಕೊಂಡಳು. ತನ್ನ ತಪ್ಪನ್ನು ಯಾರು ಕೇಳಿದರೂ ಹೇಳುತ್ತಾಳೆ.

ಅವನು ತನಗಾಗಿ ಬಚ್ಚಿಟ್ಟದ್ದನ್ನು ಮಾತ್ರ... ಯಾರಿಗೂ ಹೇಳುವುದಿಲ್ಲ.