ಮ್ಯಾಪಿನ್ಯಾಗಿನ ಕೆಂಪು ಚುಕ್ಕಿ

ಕುತ್ತಿಗಿ ಮ್ಯಾಲ ಕೊಯ್ತಾ ಇಟ್ಟಾಗ ಉಗುಳು ನುಂಗಬಾರದ್ರಿ. ತಾಗ್ತದ.

ನಾ ನುಂಗಿದೆ. ತಾಗ್ತು.

"ಕಾಶಿರಾಮಣ್ಣ, ಹುಮನಾಬಾದದಾಗ ನಿನಗ ಗೊತ್ತಿಲ್ಲದ ಗಲ್ಲಿ ಇಲ್ಲ. ಈ ಚುಕ್ಕಿ ಎಲ್ಲದ, ತೋರ್ಸು."

ಮಾತಾಡಿದಂವ ಮಂಠಾಳದ ಕಲ್ಲಿನಾಥ. ಜೀಪಿನ ಹಿಂದಿನ ಸೀಟಿನ್ಯಾಗ ಕುಂತಿದ್ದ. ಒಂದ್ ಕೈಯಾಗ ಕಬ್ಬು ಕಡಿಯೋ ಕೊಯ್ತಾ, ಇನ್ನೊಂದರಾಗ ಮೊಬೈಲ್. ಗಾಡಿ ಹೊಡಿಯಾಕತ್ತಿದ್ದಂವ ಅವನ ತಮ್ಮ ದತ್ತಾತ್ರಿ. ನಾ ಬಸವಕಲ್ಯಾಣದ ಹಾದ್ಯಾಗ ಬಂಗ್ಲಾ ಕ್ರಾಸಿನ್ಯಾಗ ಚಾ ಕುಡಿಯಾಕತ್ತಿದ್ದೆ. ಎತ್ತಿ ಒಳಗ ಹಾಕ್ಕೊಂಡ್ರು. ಮಟಮಟ ಮಧ್ಯಾಹ್ನ. ಅರ್ಧಾ ಕಪ್ ಚಾ ಅಲ್ಲೇ ಉಳೀತು.

ಮೊಬೈಲಿನ್ಯಾಗ ಒಂದು ಮ್ಯಾಪ್. ಮ್ಯಾಪಿನ್ಯಾಗ ಹುಮನಾಬಾದ. ಅಲ್ಲೊಂದು ಕೆಂಪು ಚುಕ್ಕಿ.

ಆ ಚುಕ್ಕಿ ಅವರ ತಂಗಿ ಮನಿಷಾ.

ಇಪ್ಪತ್ತು ವರ್ಷದ ಹುಡುಗಿ. ಮನ್ಯಾಗ ನೋಡಿದ ಗಂಡು ಬ್ಯಾಡಂತ ಓಡಿ ಬಂದಿದ್ಳು. ಸಿಕ್ಕರ ಕಡೀತೀವಿ ಅಂತ ಅಣ್ಣಗೋಳು ಊರಿಗೆಲ್ಲ ಕೇಳೋಹಂಗ ಹೇಳಿದ್ರು. ಬಸವಕಲ್ಯಾಣದ ಒಂದು ಸಂಸ್ಥಾ ಆಕಿನ್ನ ಹುಮನಾಬಾದದಾಗ, ವಹೀದಾ ಆಪಾನ ಟೇಲರ್ ಅಂಗಡಿ ಹಿಂದಿನ ಖೋಲ್ಯಾಗ ಅಡಗಿಸಿಟ್ಟಿತ್ತು. ಆಪಾ ಕಾವಲಿಗೆ ನನ್ನ ಕರದಿದ್ಳು. ಅದು ಈ ಅಣ್ಣತಮ್ಮರಿಗೆ ಗೊತ್ತಿದ್ದಿಲ್ಲ.

ಸಂಸ್ಥಾ ಹುಡುಗಿನ್ನ ಅಡಗಿಸಿಟ್ಟು... ವೆಬ್‌ಸೈಟಿಗೆ ಹಾಕಿತ್ತು!

ಸಂಸ್ಥಾದ ಡೈರೆಕ್ಟರ್ ಬಸವಕಿರಣಗ ಡ್ಯಾಶ್‌ಬೋರ್ಡ್ ಹುಚ್ಚು. ಮಾಡಿದ ಕೆಲಸದ ಲೆಕ್ಕ ಎಲ್ಲಾ ತೋರ್ಸೋ ಆ ಪರದ್ಯಾಗ ನೋಡಿದ್ರ ಕೊಡಂಬಲ ಹಳ್ಳ್ಯಾಗ ಬಡತನ ಹೋಗಿ ಆರು ತಿಂಗಳಾಗ್ಯದ. ಕೊಡಂಬಲದವರಿಗೆ ಯಾರೂ ಹೇಳಿಲ್ಲ, ಅಷ್ಟ. ದಾನ ಕೊಡೋರಿಗೆ ಕೆಲಸ ಕಾಣಬೇಕಂತ, ಕಾಪಾಡಿದ ಒಂದೊಂದ್ ಹುಡುಗಿಗೂ ಒಂದೊಂದ್ ಚುಕ್ಕಿ ಇಟ್ಟಿದ್ದ. ಒತ್ತಿದ್ರ ವಿವರ ಬರ್ತದ. ವಯಸ್ಸು ಇಪ್ಪತ್ತು. ಊರು ಮಂಠಾಳ. ಮನೆ ಬಿಟ್ಟದ್ದು ದೀಪಾವಳಿ ಮರುದಿನ. ಈಗ ಹೊಲಿಗೆ ಕಲಿಯುತ್ತಿದ್ದಾಳೆ.

ಹೆಸರು ಮಾತ್ರ ಹಾಕಿದ್ದಿಲ್ಲ. ಪ್ರೈವಸಿ ಅಂತ.

ದೀಪಾವಳಿ ಮರುದಿನ ಮಂಠಾಳದಿಂದ ಎಷ್ಟು ಮಂದಿ ಓಡಿರ್ತಾರ, ನೀವೇ ಹೇಳ್ರಿ.

ಮುಂಜಾನಿ ಬಸವಕಿರಣಗ ಫೋನ್ ಹಚ್ಚಿ ಚುಕ್ಕಿ ತೆಗೀರಿ ಅಂದಿದ್ದೆ. ಆನ್‌ಲೈನ್ ಫಾರ್ಮ್ ತುಂಬ್ರಿ ಅಂದ. ತುಂಬಿದೆ. ಡೇಟಾ ಟೀಮ್ ನೋಡ್ತದ, ಮೂರು ದಿನ ಹಿಡೀತದ ಅಂದ. ಅಷ್ಟರಾಗ ಹುಡುಗಿನ್ನ ಕಡದ್ರ ಏನ್ ಮಾಡ್ತೀರಿ ಅಂದೆ. ಅದಕ್ಕ ಬ್ಯಾರೆ ಫಾರ್ಮ್ ಅದ ಅಂದ. ಬಸವಕಲ್ಯಾಣಕ್ಕ ಹೋಗಿ ಅವನ ಎದುರಿಗೇ ಕುಂದರೂಣಂತ ಹೊಂಟಾಗಲೇ ನಾ ಈ ಜೀಪಿನ್ಯಾಗ ಬಿದ್ದದ್ದು.

ಜೀಪ್ ಹುಮನಾಬಾದ ಹೊಕ್ತು. ಚುಕ್ಕಿ ಹತ್ರ ಹತ್ರ ಬರಾಕತ್ತಿತು.

"ಎಡಕ್ಕೋ, ಬಲಕ್ಕೋ?" ದತ್ತಾತ್ರಿ ಕೇಳಿದ.

"ಚುಕ್ಕಿ ಹಳೇದದ. ಆ ಆಫೀಸಿನ್ಯಾಗ ನನ್ನ ಗುರ್ತಿನ ಹುಡುಗಿ ಅದಾಳ, ಕೇಳ್ತೀನಿ," ಅಂದೆ.

"ಸ್ಪೀಕರ್ ಹಾಕು. ಹುಷಾರಿ ತೋರ್ಸಿದ್ರ ಎಳೀತೀನಿ."

ಹಚ್ಚಿದೆ. ಎತ್ತಿದಾಕಿ ಸಾಕ್ಷಿ, ಸಂಸ್ಥಾದ ಫೀಲ್ಡ್ ವರ್ಕರ್. ಆ ಮ್ಯಾಪಿಗೆ ವಿವರ ತುಂಬಾಕಿ ಆಕಿನೇ.

"ಸಾಕ್ಷಿ, ಮಂಠಾಳದ ಹುಡುಗಿ ಅಣ್ಣ ನನ್ನ ಕುತ್ತಿಗಿಗಿ ಕೊಯ್ತಾ ಹಚ್ಚ್ಯಾನ. ಹುಮನಾಬಾದದಾಗ ಇದ್ದೀವಿ. ನಿಮ್ಮ ಮ್ಯಾಪ್ ಬರಾಬ್ಬರ್ ಇಲ್ಲ. ಅಪ್‌ಡೇಟ್ ಮಾಡವ್ವಾ."

ನಾ ಇನ್ನೊಮ್ಮಿ ಉಗುಳು ನುಂಗಿದೆ.

"ಸರ್ ಪರ್ಮಿಶನ್ ಬೇಕಾಗ್ತದಣ್ಣ..." ಅಂದ್ಳು. ಆಮ್ಯಾಲ, "ಇರ್ರಿ. ಎರಡ್ ನಿಮಿಷ."

"ಚೊಲೊ ಆಫೀಸು," ಅಂದ ಕಲ್ಲಿನಾಥ. "ಬ್ಯಾರೆ ಕಡಿ ಇಷ್ಟು ಲಗೂ ಕೆಲಸ ಆಗಂಗಿಲ್ಲ."

ಜೀಪ್ ನಿಂತಲ್ಲಿಂದ ಮೂವತ್ತು ಹೆಜ್ಜಿಗೆ ಆಪಾನ ಅಂಗಡಿ. ಬಾಗಲಾ ತೆರೀತು. ಮನಿಷಾ ಹೊರಗ ಬಂದ್ಳು. ಕೈಯಾಗಿನ ಅರಿವಿ ಝಾಡಿಸಿದ್ಳು.

ಅಣ್ಣಗೋಳು ತಲಿ ಎತ್ತಿದ್ರ ಮುಗೀತು.

ಎತ್ತಲಿಲ್ಲ. ಇಬ್ಬರೂ ಮೊಬೈಲ್ ನೋಡಾಕತ್ತಿದ್ರು.

ಆಕಿ ಒಳಗ ಹೋದ್ಳು. ಬಾಗಲಾ ಮುಚ್ಚಿತು. ಚುಕ್ಕಿ ಹಾರ್ತು!

"ಬಸವಕಲ್ಯಾಣಕ್ಕ ಓಡ್ಯಾಳ! ತಿರುಗ್ಸು ಗಾಡಿ!"

ಅಷ್ಟು ದೂರ ಒಂದು ಕ್ಷಣದಾಗ ಯಾವ ಹುಡುಗಿ ಓಡ್ತಾಳ ಅಂತ ಇಬ್ಬರೂ ಕೇಳಲಿಲ್ಲ. ಮ್ಯಾಪ್ ಹೇಳ್ಯದಲ್ಲ! ರಾಜೇಶ್ವರದ ಹತ್ರ ಎಮ್ಮಿ ಹಿಂಡು ಅಡ್ಡ ಬಂತು. ಜೀಪ್ ಎಮ್ಮಿ ಮ್ಯಾಲಿಂದ ಹೋಯ್ತೋ, ಕೆಳಗಿಂದ ಹೋಯ್ತೋ, ನನಗ ಖಬರಿಲ್ಲ. ಎಮ್ಮಿಗೂ ಇರಲಿಕ್ಕಿಲ್ಲ.

ಚುಕ್ಕಿ ತೋರ್ಸಿದ ಜಾಗಾ ಒಂದು ಮೀಟಿಂಗ್ ಹಾಲ್. ಒಳಗ ಎಸಿ. ದೊಡ್ಡ ಪರದೆ ಮ್ಯಾಲ ಅದೇ ಮ್ಯಾಪ್. ಮುಂದ ಇಪ್ಪತ್ತು ಮಂದಿ ದಾನಿಗಳು. ಒಂದೊಂದ್ ಚುಕ್ಕಿ ಹಿಂದೂ ಒಂದೊಂದ್ ಜೀವ ಅದ ಅಂತ ಬಸವಕಿರಣ ಹೇಳಾಕತ್ತಿದ್ದ.

ಕಲ್ಲಿನಾಥ ಕೊಯ್ತಾ ಎತ್ತಿ ನೆಟ್ಟಗ ಅವನ ಮುಂದ ಹೋಗಿ ನಿಂತ.

"ಈ ಚುಕ್ಕಿ ಎಲ್ಲದ, ತೋರ್ಸು."

ಬಸವಕಿರಣ ಟೇಬಲ್ ಕೆಳಗ ಹೋದ. ಬಾಗಲಾ ಹಿಂದಿಂದ ನಾಲ್ಕು ಮಂದಿ ಪೊಲೀಸರು ಹೊರಗ ಬಂದ್ರು. ಚುಕ್ಕಿ ಈ ಹಾಲಿಗೆ ಸರಿಸಿದ ಕೂಡ್ಲೇ ಸಾಕ್ಷಿ ಠಾಣೆಗೆ ಫೋನ್ ಹಚ್ಚಿದ್ದಳಂತ. ಕೊಯ್ತಾ ಕೆಳಗ ಬಿತ್ತು. ಮ್ಯಾಪ್ ತೆಗೀರಿ ಅಂತ ಟೇಬಲ್ ಕೆಳಗಿಂದ ಬಸವಕಿರಣನ ದನಿ ಬಂತು. ಹತ್ತು ಸೆಕೆಂಡಿನ್ಯಾಗ ಮ್ಯಾಪ್ ಹೋಯ್ತು.

ಅಣ್ಣಗೋಳಿಗೆ ಇವತ್ತಿಲ್ಲ ನಾಳೆ ಜಾಮೀನು ಸಿಗ್ತದ. ಅದಕ್ಕ ಹೊತ್ತು ಮುಳಗೂದ್ರಾಗ ಮನಿಷಾನ್ನ ಬ್ಯಾರೆ ಊರಿಗೆ ಬಿಟ್ಟು ಬಂದೆ.

ಮರುದಿನ ಬಸವಕಿರಣ ಫೋನ್ ಮಾಡಿದ. ಹುಡುಗಿ ಈಗ ಎಲ್ಲಿದ್ದಾಳ, ಶೀಟಿನ್ಯಾಗ ಆ ಕಾಲಂ ಖಾಲಿ ಕಾಣಾಕತ್ತದ ಅಂದ.

ನನ್ನ ತಲ್ಯಾಗ ಅದಾಳ ಅಂದೆ. ಅಲ್ಲಿ ನೆಟ್‌ವರ್ಕ್ ಬರಂಗಿಲ್ಲ.